ತಲೆ ಹಿಡಿದ ಕೈ

ಹಂಚಿನ ಮೇಲೆ ರೊಟ್ಟಿ ಇತ್ತು. ನೀರು ಸವರಿ ಇನ್ನೇನು ತಿರುವಿ ಹಾಕಬೇಕು, ಹಿತ್ತಲಿಂದ ಕೂಗು ಬಂತು. ನಮ್ಮ ಮನೆಯವರು ಜೋಳದ ಕಣಕಿ ಬಣವಿಯ ಮೇಲಿಂದ ತಲೆ ಕೆಳಗಾಗಿ ಬಿದ್ದಿದ್ದರು.

ಹಿಟ್ಟಿನ ಕೈಯಲ್ಲೇ ಓಡಿದೆ. ಆಪಾ ನನಗಿಂತ ಮೊದಲೇ ಅಲ್ಲಿದ್ದಳು.

ಆಪಾ ಎಂದರೆ ಅವರ ಅಕ್ಕ ಕಾಶಿಂಬಿ. ತಾಯಿಯಿಲ್ಲದ ತಮ್ಮನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ಕನ್ನೊಳ್ಳಿಗೆ ಬಂದು ನಮ್ಮ ಜೊತೆಗೇ ಇದ್ದಳು. ಅವರಿಗೆ ಯಾವ ಪಲ್ಯ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಈಗಲೂ ನನಗೆ ಹೇಳುವವಳು ಆಕೆಯೇ.

ಅವರು ಅಂಗಾತ ಬಿದ್ದಿದ್ದರು. ಕಣ್ಣು ತೆರೆದೇ ಇದ್ದವು.

"ನನ್ನ ಕೈ ಎಲ್ಲಿ ಅದಾವ?" ಎಂದು ಕೇಳಿದರು.

ಕೈ ಎರಡೂ ಅವರ ಮಗ್ಗುಲಲ್ಲೇ ಇದ್ದವು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲು ತಾಗಿಸಿದರೆ ಚಳಕು ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದವರು, ಕುತ್ತಿಗೆ ಹಿಡಿದವರು ಹೂವಿನ ಹಿಪ್ಪರಗಿಯಿಂದಲೂ ಬಂದು ನಮ್ಮ ಹೊಸ್ತಿಲ ಬಳಿ ಬೋರಲು ಮಲಗುತ್ತಿದ್ದರು. ನಾನು ಬಿಸ್ಮಿಲ್ಲಾ ಎಂದು ಎಡಗಾಲಿನ ಹಿಮ್ಮಡಿಯಿಂದ ಮೆಲ್ಲಗೆ ಒತ್ತುತ್ತಿದ್ದೆ. ಆ ಮನೆಯಲ್ಲಿ ನನ್ನದು ಅಂತ ಇದ್ದ ಹೆಸರು ಅದೊಂದೇ.

"ಔಷಧ ಮನ್ಯಾಗ ಇಟಗೊಂಡು ಏನ ನೋಡ್ತೀಯವಾ ಮಾಬೂಬಿ? ಕಾಲ ಹಚ್ಚ," ಎಂದರು, ಓಡಿ ಬಂದ ಓಣಿಯವರ ನಡುವಿನಿಂದ ಪಕ್ಕದ ಮನೆಯ ಶಿವಪ್ಪ ಕಾಕಾ.

ನಾನು ಸೀರೆ ಎತ್ತಿ ಹಿಡಿದು ಕಾಲು ಮುಂದಿಟ್ಟೆ.

"ಕಾಲ ತಗಿ," ಎಂದಳು ಆಪಾ. "ಹಸಗೂಸಿನ ಕುತ್ತಿಗಿ ಆದಂಗ ಆಗೇತಿ ಇವಂದು. ಯಾರೂ ಮುಟ್ಟಬ್ಯಾಡ್ರಿ."

ಅಷ್ಟು ಜನರ ಎದುರಿಗೆ.

ಬಾಗಿಲ ಕದ ಕಿತ್ತು ತಂದು ಅದರ ಮೇಲೆ ಅವರನ್ನು ಮಲಗಿಸಿ ಬಂಡಿಗೆ ಏರಿಸಿದರು. ಆಪಾ ತಲೆದೆಸೆಗೆ ಕುಳಿತು, ಎರಡೂ ಅಂಗೈ ಕಿವಿಯ ಪಕ್ಕಕ್ಕೆ ಒತ್ತಿ ಹಿಡಿದವಳು ಸಿಂದಗಿ ಮುಟ್ಟುವವರೆಗೆ ಬಿಡಲಿಲ್ಲ. ಗಾಲಿ ಕಲ್ಲಿನ ಮೇಲೆ ಹತ್ತಿಳಿದಾಗೆಲ್ಲ ಆಕೆಯ ಇಡೀ ಮೈ ಅಲುಗುತ್ತಿತ್ತು, ಕೈ ಮಾತ್ರ ಅಲುಗುತ್ತಿರಲಿಲ್ಲ. ನಾನು ಕಾಲ ಕಡೆ ಕುಳಿತಿದ್ದೆ. ಹಿಟ್ಟು ಕೈಯಲ್ಲೇ ಒಣಗಿ ಬಿರಿದಿತ್ತು.

ಸಿಂದಗಿಯ ಡಾಕ್ಟರು ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಮೋಟಾರಿನಲ್ಲಿ ಬಿಜಾಪುರಕ್ಕೆ ಕಳಿಸಿದರು.

ಅಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದು ನೋಡಿದರು. ಮಗ್ಗುಲಿಂದ ತೆಗೆದ ಚಿತ್ರ. ಕತ್ತಲಲ್ಲಿ ಬೆಳ್ಳಗೆ, ಜಪದ ತಸ್ಬಿಯ ಮಣಿಗಳಂತೆ ಒಂದರ ಕೆಳಗೊಂದು ಎಲುಬು.

"ಕುತ್ತಿಗೆಯಲ್ಲಿ ಏಳು ಮಣಿ ಇರ್ತಾವೆ. ಇದರಲ್ಲಿ ಐದೇ ಕಾಣ್ತಾವೆ," ಎಂದರು. "ಉಳಿದ ಎರಡಕ್ಕೆ ಭುಜ ಅಡ್ಡ ಬಂದಿದೆ. ಇನ್ನೊಂದು ತೆಗೆಯೋಣ. ಕೈ ಕೆಳಗೆ ಜಗ್ಗಿ ಹಿಡೀಬೇಕು. ಮೆತ್ತಗೆ. ಯಾರು ಹಿಡೀತೀರಿ?"

ಆಪಾ ಬಲಗೈ ಹಿಡಿದಳು. ನಾನು ಎಡಗೈ ಹಿಡಿದೆ. ತಣ್ಣಗಿನ ಕೈ. ನನ್ನ ಬೆರಳನ್ನು ಅದು ತಿರುಗಿ ಹಿಡಿಯಲಿಲ್ಲ.

ಎರಡನೆಯ ಚಿತ್ರದಲ್ಲಿ ಕಂಡಿತು. ಆರನೆಯ ಮಣಿ ಏಳನೆಯದರ ಮೇಲಿಂದ ಮುಂದಕ್ಕೆ ಜಾರಿತ್ತು. ನಡುವೆ ಹಾಯುವ ನರದ ಹುರಿ ಒತ್ತಿದೆ, ಕಡಿದಿಲ್ಲ ಎಂದರು ಡಾಕ್ಟರು. ಆಮೇಲೆ ತಲೆ ಹಿಡಿದು ತಂದವರು ಯಾರೆಂದು ಕೇಳಿದರು. ಆಪಾ ತಮ್ಮನ ಹೊದಿಕೆ ಸರಿಮಾಡುತ್ತಿದ್ದಳು. ನಾನೇ ತೋರಿಸಬೇಕಾಯಿತು.

"ಇವರ ಕೈಯಿಂದ ಉಳಿದಿದ್ದಾನೆ. ಯಾರಾದರೂ ಸ್ವಲ್ಪ ಒತ್ತಿದ್ದರೂ ಕೈಕಾಲು ಪೂರ್ತಿ ಹೋಗಿರೋವು."

ನಾನು ಎಡಗಾಲನ್ನು ನಿರಿಗೆಯೊಳಗೆ ಎಳೆದುಕೊಂಡೆ.

ಅಲ್ಲಾಹನಿಗೆ ಶುಕ್ರು ಹೇಳಬೇಕಾಗಿತ್ತು, ಹೇಳಿದೆ. ಆದರೆ ಹೊಟ್ಟೆ ಉರಿಯಿತು. ಗಂಡ ಉಳಿದ ಎಂಬ ಸಂತೋಷದ ಮಗ್ಗುಲಲ್ಲೇ, ಉಳಿಸಿದ ಕೈ ನನ್ನದಲ್ಲವಲ್ಲ ಎಂಬ ಸಂಕಟ ಬಂದು ಕುಳಿತಿತು. ಎರಡೂ ಒಂದೇ ಎದೆಯಲ್ಲಿ ಹೇಗೆ ಹಿಡಿಸಿದವೋ ಆ ದೇವರಿಗೇ ಗೊತ್ತು.

ತಲೆಬುರುಡೆಯ ಎರಡೂ ಕಡೆ ಇಕ್ಕಳದಂಥ ಕಬ್ಬಿಣ ಕೂರಿಸಿ, ಹಗ್ಗಕ್ಕೆ ತೂಕ ಕಟ್ಟಿ ಮಂಚದ ಹಿಂದೆ ಇಳಿಬಿಟ್ಟರು. ಜಾರಿದ ಎಲುಬು ಹಾಗೆ ಮೆಲ್ಲಗೆ ತನ್ನ ಜಾಗಕ್ಕೆ ಬರಬೇಕು. ಅವರಿಗೆ ಕಾಣುತ್ತಿದ್ದದ್ದು ಮಾಳಿಗೆಯ ತೊಲೆ ಒಂದೇ. ಮಗ್ಗುಲು ಹೊರಳಿಸುವಾಗ ನರ್ಸ್ ಜೊತೆ ಒಬ್ಬರು ತಲೆ ಹಿಡಿಯಬೇಕು. ಒಮ್ಮೆ ನಾನು ಹಿಡಿಯಲು ಹೋದೆ.

"ಆಪಾನ್ನ ಕರಿ," ಎಂದರು. "ನೀ ಹಿಡದ್ರ ಅಂಜಿಕಿ ಬರತೈತಿ."

"ಅಂಜಬ್ಯಾಡ್ರಿ, ಕಾಲೀಲೆ ಹಿಡ್ಯಾಂಗಿಲ್ಲ," ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ನಮಾಜನ್ನು ಅವರು ಕಣ್ಣಿನಲ್ಲೇ ಮಾಡುತ್ತಿದ್ದರು. ಕೊನೆಗೆ ಬಲಕ್ಕೆ, ಆಮೇಲೆ ಎಡಕ್ಕೆ ಮುಖ ತಿರುಗಿಸಿ ಸಲಾಂ ಹೇಳಬೇಕಲ್ಲ, ಮುಖ ತಿರುಗದು. ಕಣ್ಣುಗುಡ್ಡೆ ಮಾತ್ರ ಬಲಕ್ಕೆ ಹೊರಳುತ್ತಿತ್ತು. ಅಲ್ಲಿ ಆಪಾ ಕುಳಿತಿರುತ್ತಿದ್ದಳು. ಎಡಕ್ಕೆ ಹೊರಳಿದಾಗ ನಾನು. ಆ ಸಲಾಂ ನಮ್ಮಿಬ್ಬರಿಗಲ್ಲ, ಹೆಗಲ ಮೇಲಿನ ದೇವದೂತರಿಗೆ, ಫರಿಶ್ತೆಗಳಿಗೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಸುಕಿನಲ್ಲೇ ಹೋಗಿ ಬಲಗಡೆಯ ಸ್ಟೂಲ್ ಹಿಡಿದು ಕೂರುತ್ತಿದ್ದೆ. ಆಪಾ ಎಡಕ್ಕೆ ಹೋಗಿ ಕೂರುತ್ತಿದ್ದಳು.

ಬೆರಳಿಗೆ ಜೀವ ಬಂತು. ಆಮೇಲೆ ಕಾಲಿಗೆ. ಇಕ್ಕಳ ತೆಗೆದು ಗದ್ದದಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಅದರೊಳಗೆ ಬೇಸಿಗೆ ಕಳೆದರು. ಗದ್ದ ಆಡದ ಕಾರಣ ರೊಟ್ಟಿ ಅಗಿಯಲು ಬರುತ್ತಿರಲಿಲ್ಲ. ಆಪಾ ನುಚ್ಚು ಕುದಿಸಿ ಚಮಚದಲ್ಲಿ ಉಣಿಸುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಆಪಾ ತನ್ನದನ್ನು ಮಾತ್ರ ಮೊದಲಿನಿಂದಲೂ ತಾನೇ ಬಡಿದುಕೊಳ್ಳುತ್ತಿದ್ದಳು.

ಪ್ಲಾಸ್ಟರ್ ಬಿಚ್ಚುವ ದಿನ ಮತ್ತೆ ಬಿಜಾಪುರ. ಹೊಸ ಎಕ್ಸ್‌ರೇಯಲ್ಲಿ ಮಣಿಗಳು ಸಾಲಾಗಿ ಕುಳಿತಿದ್ದವು. ಕತ್ತರಿಸುವ ಮುಂಚೆ ಡಾಕ್ಟರು, "ತಲೆ ಒಬ್ಬರು ಹಿಡಿಯಿರಿ. ಕುತ್ತಿಗೆಗೆ ಇನ್ನೂ ಬಲ ಇಲ್ಲ," ಎಂದರು. ಆಪಾ ಎದ್ದವಳು ಹಾಗೇ ನಿಂತಳು.

"ನೀ ಹಿಡಿ ಮಾಬೂಬಿ. ಕಿವಿ ಕೆಳಗ ಅಂಗೈ ಇಡು. ಜಗ್ಗಬ್ಯಾಡ, ಒತ್ತಬ್ಯಾಡ."

ಬಿಸ್ಮಿಲ್ಲಾ ಎಂದು ಹಿಡಿದೆ.

ಮನುಷ್ಯನ ತಲೆ ಇಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಪ್ಲಾಸ್ಟರ್ ಇನ್ನೂ ಅರ್ಧ ಬಿಚ್ಚಿರಲಿಲ್ಲ, ನನ್ನ ತೋಳು ನಡುಗತೊಡಗಿದವು. ಕನ್ನೊಳ್ಳಿಯಿಂದ ಸಿಂದಗಿಯವರೆಗಿನ ಬಂಡಿಯ ಹಾದಿ ಕಣ್ಣ ಮುಂದೆ ಬಂತು.

ಮರಳುವಾಗ ಮೋಟಾರಿನಲ್ಲಿ ಕೇಳಿದೆ. "ಆಪಾ, ಅವತ್ತ ಕೈ ನೋಯಲಿಲ್ಲೇನ್ರಿ?"

"ಈಗೂ ನೋಯ್ತಾವ. ಕೊಡ ಎತ್ತಾಕ ಬರವಲ್ದು. ಯಾರ ಕೇಳ್ಯಾರ?"

ಇಷ್ಟು ದಿನ ಆಕೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದೇ ಚಮಚ ಎತ್ತುತ್ತಿದ್ದಳು. ನಾನು ಚಮಚ ಹೋಗುವ ಬಾಯಿಯನ್ನಷ್ಟೇ ನೋಡುತ್ತಿದ್ದೆ.

ಮನೆ ಮುಟ್ಟಿದಾಗ ಹೊಸ್ತಿಲಲ್ಲಿ ಒಬ್ಬ ಹೆಣ್ಣುಮಗಳು ಕತ್ತು ಓರೆ ಮಾಡಿ ಕುಳಿತಿದ್ದಳು. "ಸೊಂಟ ಆದ್ರ ಮಲಗು. ಕುತ್ತಿಗಿ ಆದ್ರ ಸಿಂದಗಿ ಡಾಕ್ಟರ ಕಡೆ ಹೋಗವಾ," ಎಂದೆ.

ಒಲೆ ಹೊತ್ತಿಸಿ ಪರಾತದಲ್ಲಿ ಹಿಟ್ಟು ಕಲಸಿದೆ. ಅವರು ಗೋಡೆಗೆ ಒರಗಿ ಕುಳಿತಿದ್ದರು. ಮೊದಲ ರೊಟ್ಟಿ ಅವರ ತಾಟಿಗೆ ಹಾಕಿದೆ. ಒಂದು ತುತ್ತು ಮುರಿದರು. ಬಾಯಿಗೆ ಇಡಲಿಲ್ಲ. ಮೆಲ್ಲಗೆ, ಬಹಳ ಮೆಲ್ಲಗೆ, ಮುಖ ಬಲಕ್ಕೆ ತಿರುಗಿತು. ಕಣ್ಣಲ್ಲ, ಮುಖವೇ.

"ಆಪಾ, ನಿನಗ ಹಾಕ್ಯಾಳಿಲ್ಲೊ?" ಎಂದರು.

ಹೊಟ್ಟೆ ಮತ್ತೆ ಉರಿಯಿತು. ಉರಿಯಲಿ. ಕುತ್ತಿಗೆ ತಿರುಗಿತ್ತು, ನಾನು ಕಣ್ಣಾರೆ ಕಂಡಿದ್ದೆ.

ಆಪಾ ಎಂದಿನಂತೆ ತನ್ನ ರೊಟ್ಟಿ ತಾನೇ ಬಡಿದುಕೊಳ್ಳಲು ಹಿಟ್ಟಿಗೆ ಕೈ ಚಾಚಿದಳು. ನಾನು ಪರಾತವನ್ನು ನನ್ನ ಕಡೆ ಎಳೆದುಕೊಂಡು, ಆಕೆಯ ಪಾಲಿನ ಮುದ್ದೆ ನಾದತೊಡಗಿದೆ.