ಕಿವಿಯಿಂದ ಓದುವ ಹುಡುಗಿಗೆ ಬರೆದ ಅಭ್ಯಾಸಗಳು

ಯಾರಾದರೂ ತಪ್ಪು ತೋರಿಸಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ಮದುವೆಗೆ ಮುಂಚೆಯೂ ಹಾಗೇ ಇತ್ತು, ಸಮುದ್ರ ದಾಟಿ ಬಂದ ಮೇಲೂ ಹಾಗೇ ಇದೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಾವು ನಡೆಸುವ ಶನಿವಾರದ ಕನ್ನಡ ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನ ತಪ್ಪು ತೋರಿಸಿದಾಗಲೂ ಹಾಗೇ ಆಯಿತು.

ಹುಬ್ಬಳ್ಳಿಯಲ್ಲಿ ನಾನು ಆರು ವರ್ಷ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಮಾಡುತ್ತಿದ್ದೆ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಯಕ್ರಮದ ಕಾರ್ಡು, ಸಂಘಗಳ ವಾರ್ಷಿಕ ವರದಿ, ಎಲ್ಲವೂ ನನ್ನ ಕೈಯಲ್ಲಿ ತಯಾರಾಗುತ್ತಿದ್ದವು. ಕೀಬೋರ್ಡ್ ನೋಡದೆ ಹೊಡೆಯುತ್ತಿದ್ದೆ. ಇಲ್ಲಿಗೆ ಬರುವಾಗ ಉಪ್ಪಿನಕಾಯಿ ಬಿಟ್ಟು ಬಂದೆನೇ ಹೊರತು ಆ ಹಳೆಯ ಕನ್ನಡ ಫಾಂಟುಗಳನ್ನು ಬಿಟ್ಟು ಬರಲಿಲ್ಲ. ತರಗತಿಯ ಉಳಿದ ಶಿಕ್ಷಕಿಯರು ಫೋನಿನಲ್ಲಿ ಒಂದೇ ಬೆರಳಿನಿಂದ ಕನ್ನಡ ಕುಟ್ಟುವುದನ್ನು ನೋಡಿ ನನಗೆ ಒಳಗೊಳಗೇ ನಗು ಬರುತ್ತಿತ್ತು.

ಹಾಗಾಗಿ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಮಾಡುವ ಅಭ್ಯಾಸಗಳನ್ನು ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಎಡಕ್ಕೆ ಚಿತ್ರ, ಬಲಕ್ಕೆ ಪದ. ಮೌಸ್‌ನಿಂದ ಪದವನ್ನು ಎಳೆದು ಚಿತ್ರದ ಮೇಲೆ ಬಿಡಬೇಕು. ಸರಿಯಾದರೆ ಗಂಟೆ ಮೊಳಗುತ್ತದೆ. ಹಣ್ಣುಗಳಿಗೆ ಒಂದು ಪುಟ, ತರಕಾರಿಗೆ ಇನ್ನೊಂದು, ಮನೆಯ ಸಾಮಾನಿಗೆ ಮತ್ತೊಂದು. ಪ್ರತಿಯೊಂದನ್ನೂ ಮೊದಲಿನಿಂದ ಕಟ್ಟುತ್ತಿದ್ದೆ, ಸುತ್ತ ಬಳ್ಳಿಯ ಅಂಚು ಬಿಡಿಸುತ್ತಿದ್ದೆ. ಶುಕ್ರವಾರ ಪೂರ್ತಿ ಅದಕ್ಕೇ ಹೋಗುತ್ತಿತ್ತು. ಪುಟಗಳು ಥೇಟ್ ಲಗ್ನಪತ್ರಿಕೆಯ ಹಾಗೆ ಕಾಣುತ್ತವೆ ಎಂದು ಒಬ್ಬರು ಹೇಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಆ ಹುಡುಗಿ ಗುಡ್ಡಗಳ ಪಕ್ಕದ ಮಾರ್ಗನ್ ಹಿಲ್ ಊರಿನಿಂದ ಬರುತ್ತಿದ್ದಳು. ಅವಳಿಗೆ ಬೆಳಕು ನೆರಳು ತಿಳಿಯುತ್ತದೆ, ಅಕ್ಷರ ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವ ಒಂದು ತಂತ್ರಾಂಶ ಇತ್ತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗದಲ್ಲಿ ಅದರಿಂದ ಓದಿಸಿಕೊಳ್ಳುತ್ತಿದ್ದಳು. ತಾಯಿ ವಿಜಯಪುರದವರು. ಮನೆಮಾತು ಉರ್ದುವಾದರೂ ಓದಿದ್ದು ಕನ್ನಡ ಶಾಲೆಯಲ್ಲಿ. ಮೊದಲ ದಿನ ಮಗಳನ್ನು ಒಳಗೆ ಬಿಟ್ಟು ನನ್ನನ್ನು ಬಾಗಿಲ ಹೊರಗೆ ಕರೆದರು.

"ಅಕ್ಕಾರ, ಆಕಿ ಒಂದು ಶರ್ತ ಹಾಕ್ಯಾಳ್ರಿ. ನಾಕು ಶನಿವಾರ ಬರ್ತಾಳಂತ. ಅಷ್ಟರಾಗ ನಾ ಬಾಜೂಕ ಕೂತು ಓದಿ ಹೇಳೂದು ನಿಲ್ಲಲಿಲ್ಲಂದ್ರ ಕನ್ನಡಾನ ಬ್ಯಾಡಂತ."

"ನೀವು ಯಾಕ ಕೂಡ್ತೀರಿ? ನಾ ಅದೀನಲ್ರಿ," ಅಂದೆ.

ಅವರು ನಕ್ಕರು. "ಡ್ಯಾನ್ಸ್ ಕ್ಲಾಸಿನ್ಯಾಗೂ ಹಂಗ ಅಂದಿದ್ರು, ಸ್ವಿಮ್ಮಿಂಗಿನ್ಯಾಗೂ ಹಂಗ ಅಂದಿದ್ರು. ಒಂಬತ್ತು ವರ್ಷ ಆತ್ರಿ, ನಾ ಆಕಿ ಬಾಜೂ ಬಿಟ್ಟು ಎದ್ದೇ ಇಲ್ಲ."

ಅಂದು ಹಣ್ಣುಗಳ ಪುಟ ತೆರೆಸಿದೆ. ಹುಡುಗಿ ಎರಡು ಗುಂಡಿ ಒತ್ತಿದಳು, ಕಿಸಕ್ಕನೆ ನಕ್ಕಳು. "ಏನಾತವಾ?" ಎಂದು ಕೇಳಿದ್ದಕ್ಕೆ ಒಂದು ಇಯರ್‌ಫೋನ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕಿವಿಗಿಟ್ಟುಕೊಂಡೆ. ಮಾವಿನ ಹಣ್ಣು ಎಂದು ನಾನು ಬರೆದಿದ್ದ ಕಡೆ ಆ ದನಿ ಇಂಗ್ಲಿಷಿನಲ್ಲಿ ಪೌಂಡ್ ಚಿಹ್ನೆ, ಡಿಗ್ರಿ ಚಿಹ್ನೆ, ತಲೆಯ ಮೇಲೆ ಗೀಟಿರುವ ಎ, ಮತ್ತೆ ಪೌಂಡ್ ಚಿಹ್ನೆ ಎಂದು ಒಂದೇ ಸಮನೆ ಬಡಬಡಿಸುತ್ತಿತ್ತು.

"ನಿನ್ನ ಕಂಪ್ಯೂಟರಿಗೆ ಕನ್ನಡ ಬರೂದಿಲ್ಲ ಬಿಡು," ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಬರತ್ತೆ ಆಂಟಿ," ಅಂದಳು. "ನಾನೀಮಾ ಮೆಸೇಜ್ ಕನ್ನಡದಲ್ಲಿ ಬರತ್ತೆ. ಡೈಲೀ ಓದತ್ತೆ."

ನಾನೀಮಾ, ಅಂದರೆ ವಿಜಯಪುರದ ಅಜ್ಜಿ, ಫೋನಿನಲ್ಲಿ ಕುಟ್ಟಿ ಕಳಿಸಿದ ಕನ್ನಡವನ್ನು ಸರಾಗವಾಗಿ ಓದುವ ಯಂತ್ರ ನನ್ನ ಕನ್ನಡವನ್ನು ಓದುತ್ತಿಲ್ಲ. ನನಗೆ ಮೈ ಉರಿಯಿತು. ಅಷ್ಟರಲ್ಲಿ ತಾಯಿ ಸದ್ದಿಲ್ಲದೆ ಕುರ್ಚಿ ಎಳೆದುಕೊಂಡು ಮಗಳ ಪಕ್ಕ ಕೂತು ಓದಿ ಹೇಳತೊಡಗಿದ್ದರು. ಹುಡುಗಿ ತಲೆ ತಗ್ಗಿಸಿಕೊಂಡು, ಬೇರೆ ಮಕ್ಕಳಿಗೆ ಕೇಳಿಸದಷ್ಟು ಮೆಲ್ಲಗೆ ಉತ್ತರ ಹೇಳುತ್ತಿದ್ದಳು. ಎಲ್ಲವೂ ಸರಿಯಾದ ಉತ್ತರಗಳೇ. ಆ ತಗ್ಗಿಸಿದ ತಲೆಯನ್ನು ನನಗೆ ನೋಡಲಾಗಲಿಲ್ಲ.

ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. ಅವರು ಬೆಂಗಳೂರಿನವರು, ಸಾಫ್ಟ್‌ವೇರಿನವರು, ಯಾವುದಕ್ಕೂ ಬಿಸಿಯಾಗದವರು. ಪುಟ ತೆರೆದು ನೋಡಿ ಹೇಳಿದರು.

"ನಿನ್ ಫಾಂಟು ಬರೀ ವೇಷ ಕಣೇ. ಒಳಗೆ ಸ್ಟೋರ್ ಆಗಿರೋದು ಇಂಗ್ಲಿಷ್ ಅಕ್ಷರ, ಸಿಂಬಲ್ಲು. ಅದರ ಮೇಲೆ ಕನ್ನಡದ ಆಕಾರ ಹೊದಿಸಿದೀಯ, ಅಷ್ಟೆ. ಕಣ್ಣಿಗೆ ಕನ್ನಡ, ಮೆಷೀನಿಗೆ ಕಸ. ಮೇಲೆ ಥಳಕು, ಒಳಗೆ ಹುಳುಕು."

ಆ ಗಾದೆಯೊಂದನ್ನು ಹೇಳದೇ ಇದ್ದಿದ್ದರೆ ಅವತ್ತು ಅವರಿಗೆ ಬಿಸಿ ರೊಟ್ಟಿ ಸಿಗುತ್ತಿತ್ತು. ಆದರೆ ಮಾತು ನಿಜವಾಗಿತ್ತು. ಮುದ್ರಣಾಲಯದಲ್ಲಿ ಕಾಗದದ ಮೇಲೆ ಚಂದ ಬಂದರೆ ಮುಗಿಯಿತು. ಕಾಗದದ ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಅದೇ ರೂಢಿಯಲ್ಲಿ ಎರಡು ವರ್ಷ ಅಭ್ಯಾಸಗಳನ್ನು ಮಾಡಿದ್ದೆ. ಭಾನುವಾರ ಬೆಳಗ್ಗೆ ಅವರು ಎಲ್ಲವನ್ನೂ ಯಂತ್ರಕ್ಕೂ ಅರ್ಥವಾಗುವ ಈಗಿನ ಯುನಿಕೋಡ್ ಕನ್ನಡಕ್ಕೆ ಬದಲಿಸುವ ಸಾಧನ ಹಾಕಿಕೊಟ್ಟರು. ಒತ್ತಕ್ಷರಗಳು ಅಲ್ಲಲ್ಲಿ ಚೆಲ್ಲಾಪಿಲ್ಲಿಯಾದವು, ಅವನ್ನು ವಾರಪೂರ್ತಿ ಕೂತು ಕೈಯಿಂದ ತಿದ್ದಿದೆ. ಹೊಸ ಕೀಬೋರ್ಡ್ ಪದ್ಧತಿಯಲ್ಲಿ ನಾನೂ ಒಂದೇ ಬೆರಳಿನವಳಾದೆ.

ಎರಡನೆಯ ಶನಿವಾರ ಪದಗಳನ್ನು ಯಂತ್ರ ಚೊಕ್ಕಟವಾಗಿ ಓದಿತು. ಬೀಗುತ್ತ ನಿಂತೆ. ಚಿತ್ರಗಳ ಕಡೆ ಹೋದ ಹುಡುಗಿಗೆ "ಚಿತ್ರ, ಚಿತ್ರ, ಚಿತ್ರ" ಎಂದಷ್ಟೇ ಕೇಳಿಸಿತು. ಯಾವುದರ ಚಿತ್ರವೆಂದು ನಾನು ಎಲ್ಲೂ ಬರೆದಿರಲಿಲ್ಲ. ಬರೆದಿದ್ದರೂ ಮೌಸಿನ ಕಾಣದ ಬಾಣವನ್ನು ಹಿಡಿದು ಕಾಣದ ಜಾಗಕ್ಕೆ ಅವಳು ಎಳೆಯುವುದು ಹೇಗೆ? ತಾಯಿ ಮತ್ತೆ ಕುರ್ಚಿ ಎಳೆದುಕೊಂಡರು.

ಆ ವಾರ ಎಳೆಯುವ ಆಟವನ್ನೇ ತೆಗೆದು ಹಾಕಿದೆ. ಪ್ರಶ್ನೆಯಾಗಿ ಒಂದು ಚಿತ್ರ, ನಾಲ್ಕು ಉತ್ತರ, ಒಂದರಿಂದ ನಾಲ್ಕರವರೆಗಿನ ಗುಂಡಿ ಒತ್ತಿದರೆ ಸಾಕು. ಪ್ರತಿ ಚಿತ್ರಕ್ಕೂ ಕಿವಿಗೆ ಕೇಳಿಸುವ ವಿವರಣೆ ಬರೆದೆ. ಮೂರನೆಯ ಶನಿವಾರ ಹುಡುಗಿ ತಾನೊಬ್ಬಳೇ ಶುರು ಮಾಡಿ, ಒಂದು ನಿಮಿಷದೊಳಗೆ ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಮಾಡಿ, ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು.

"ಇದು ಚೀಟಿಂಗು! ಪಿಕ್ಚರ್ ಆನ್ಸರ್ ಹೇಳಿಬಿಡತ್ತೆ."

ಹೌದಲ್ಲ. ಮಾವಿನ ಹಣ್ಣಿನ ಚಿತ್ರದ ವಿವರಣೆಯಾಗಿ ನಾನು ಬರೆದದ್ದು "ಮಾವಿನ ಹಣ್ಣು" ಎಂದೇ. ಉಳಿದ ಮಕ್ಕಳು ಚಿತ್ರ ನೋಡಿ ಪದ ಹುಡುಕುತ್ತಿದ್ದರು, ಇವಳಿಗೆ ಉತ್ತರವನ್ನೇ ಬಾಯಿಗಿಟ್ಟಿದ್ದೆ. ಕನಿಕರ ತೋರಿಸಿದರೆ ಅವಳಿಗೆ ಎಷ್ಟು ಸಿಟ್ಟು ಬರುತ್ತದೆಂದು ಅವತ್ತು ಗೊತ್ತಾಯಿತು. ನನ್ನದೇ ಸ್ವಭಾವ. ತಾಯಿಯ ಮುಖ ಬಾಡಿತ್ತು. "ಇನ್ನೊಂದ ಶನಿವಾರ ಉಳದೈತ್ರಿ," ಎಂದಷ್ಟೇ ಹೇಳಿ ಮಗಳ ಕೈ ಹಿಡಿದು ಪಾರ್ಕಿಂಗಿನತ್ತ ಹೋದರು.

ಆ ವಾರ ನನಗೆ ಊಟ ರುಚಿಸಲಿಲ್ಲ. ಉತ್ತರ ಹೇಳದೆ ಉಳ್ಳಾಗಡ್ಡಿಯನ್ನು, ನನ್ನ ಗಂಡನ ಭಾಷೆಯಲ್ಲಿ ಈರುಳ್ಳಿಯನ್ನು, ವಿವರಿಸುವುದು ಹೇಗೆ? "ದುಂಡಗಿರುವ, ಕೆಂಪು ಸಿಪ್ಪೆಯ ತರಕಾರಿ" ಎಂದು ಬರೆದೆ, ಅಳಿಸಿದೆ. ಕೆಂಪು ಎಂದರೆ ಅವಳಿಗೇನು? ಬುಧವಾರ ಒಗ್ಗರಣೆಗೆ ಅದನ್ನೇ ಹೆಚ್ಚುತ್ತಿದ್ದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಮ್ಮ ಕಡೆ ಮಕ್ಕಳನ್ನು ಕೂರಿಸಿಕೊಂಡು ಕೇಳುವ ಒಗಟು ತಾನಾಗಿ ಬಾಯಿಗೆ ಬಂತು. ಅಂಗಡಿಯಿಂದ ತರೋದು, ಮುಂದಿಟ್ಟುಕೊಂಡು ಅಳೋದು. ಚಾಕು ಅಲ್ಲೇ ಬಿಟ್ಟು ಲ್ಯಾಪ್‌ಟಾಪಿಗೆ ಓಡಿದೆ.

ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಮೂಸಿದರೆ ಘಮ್ ಅನ್ನುತ್ತೆ, ಉತ್ತರ ಮಲ್ಲಿಗೆ. ಕಲ್ಲು ತುಳಿಯುತ್ತೆ, ಮುಳ್ಳು ಮೇಯುತ್ತೆ, ನೀರು ಕಂಡರೆ ನಿಲ್ಲುತ್ತೆ, ಉತ್ತರ ಚಪ್ಪಲಿ. ನೆನಪಿಗೆ ಬಂದ ಒಗಟುಗಳನ್ನೆಲ್ಲ ಬರೆದೆ, ಸಿಗದ ಕಡೆ ನಾನೇ ಕಟ್ಟಿದೆ. ಮೂಸುವುದು, ಮುಟ್ಟುವುದು, ಸದ್ದು, ರುಚಿ ಹೆಚ್ಚು ಹಾಕಿದೆ. ಬಳ್ಳಿಯ ಅಂಚುಗಳನ್ನೆಲ್ಲ ಕಿತ್ತೆಸೆದೆ. ಗಂಡ ಪಕ್ಕ ಕೂತು ಒಂದು ಅಚ್ಚು ಮಾಡಿಕೊಟ್ಟರು: ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಒಗಟು, ನಾಲ್ಕು ಉತ್ತರ, ಸರಿಯುತ್ತರ. ಪಟ್ಟಿಯಲ್ಲಿ ಪದ ಬದಲಿಸಿದರೆ ಅಭ್ಯಾಸ ತಾನೇ ಬದಲಾಗುತ್ತದೆ. ಪಡ್ಡಿನ ಹಂಚು ಒಂದೇ, ಹಿಟ್ಟು ಯಾವುದಾದರೂ ಹುಯ್ಯಿರಿ. ಶುಕ್ರವಾರ ಮಧ್ಯಾಹ್ನಕ್ಕೆ ಕೆಲಸ ಮುಗಿದೇ ಹೋಗಿತ್ತು. ಎರಡು ವರ್ಷಗಳಲ್ಲಿ ಮೊದಲ ಸಲ ಶುಕ್ರವಾರ ಮಧ್ಯಾಹ್ನ ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ, ನಾಳೆಯದೇ ಯೋಚನೆ.

ನಾಲ್ಕನೆಯ ಶನಿವಾರ ಚಿತ್ರಗಳನ್ನು ಪೂರ್ತಿ ತೆಗೆದು ಎಲ್ಲ ಮಕ್ಕಳಿಗೂ ಒಗಟನ್ನೇ ಕೊಟ್ಟೆ. ತಾಯಿ ಬಾಗಿಲ ಹೊರಗಿನ ಬೆಂಚಿನ ಮೇಲೆ, ಕರೆದರೆ ಕೇಳಿಸುವಷ್ಟು ಹತ್ತಿರ ಕೂತಿದ್ದರು. ಕೋಣೆಯಲ್ಲಿ ಗುಸುಗುಸು ಶುರುವಾಯಿತು. ಕಣ್ಣು ಕಾಣುವ ಮಕ್ಕಳು ತಲೆ ಕೆರೆದುಕೊಳ್ಳುತ್ತಿದ್ದರು. ಹುಡುಗಿ ಗುಂಡಿ ಒತ್ತುತ್ತ ಹೋದಳು. ಉಳ್ಳಾಗಡ್ಡಿಗೆ ಜೋರಾಗಿ ನಕ್ಕಳು. ನಾನು ಅವಳ ಹಿಂದೆ ನಿಂತು ಪರದೆ ನೋಡುತ್ತಿದ್ದೆ.

ಚಪ್ಪಲಿಯ ಒಗಟಿಗೆ ಅವಳು ಆರಿಸಿದ್ದು ಆಡು. ಯಂತ್ರ ತಪ್ಪು ಎಂದಿತು.

ಹುಡುಗಿ ಇಯರ್‌ಫೋನ್ ತೆಗೆದಳು. "ಆಂಟಿ, ನಿಮ್ಮ ಆನ್ಸರ್ ರಾಂಗ್ ಇದೆ."

"ಏನು ರಾಂಗ್? ಚಪ್ಪಲಿನ ಸರಿ. ಚಪ್ಪಲಿ ಮುಳ್ಳು ತುಳಿದು ಚುಚ್ಚಿಸಿಕೊಳ್ತದ, ನೀರು ಬಂದಲ್ಲಿ ನಾವು ಅದನ್ನ ಬಿಚ್ಚಿ ಇಡ್ತೀವಿ."

"ಆಡು ಮುಳ್ಳು ನಿಜವಾಗಿ ತಿನ್ನತ್ತೆ! ಬೇಸಿಗೇಲಿ ನಮ್ಮನೆ ಹಿಂದೆ ಗುಡ್ಡಕ್ಕೆ ಬರ್ತಾವೆ, ಡ್ರೈ ಗ್ರಾಸ್ ತಿನ್ನಕ್ಕೆ, ಫೈರ್ ಹತ್ತಬಾರದು ಅಂತ. ನಾನು ಕೇಳಿದೀನಿ, ಕಲ್ಲ ಮೇಲೆ ಟಕ್ ಟಕ್ ಅಂತ ನಡೀತಾವೆ. ನೀರು ಸಿಕ್ಕರೆ ನಿಲ್ತಾವೆ, ಕುಡೀತಾವೆ."

"ಆಡು ನೀರು ಕುಡಿದು ಮುಂದ ಹೋಗ್ತದ. ಚಪ್ಪಲಿ ಹೋಗೂದಿಲ್ಲ."

"ಒಗಟಲ್ಲಿ 'ನಿಲ್ಲುತ್ತೆ' ಅಂತ ಇದೆ. ಮುಂದೆ ಹೋಗಬಾರದು ಅಂತ ಎಲ್ಲಿದೆ?"

ದನಿ ಏರಿತ್ತು, ಅವಳದೂ ನನ್ನದೂ. ಉಳಿದ ಮಕ್ಕಳು ಆಡಿನ ಪಕ್ಷ, ಚಪ್ಪಲಿಯ ಪಕ್ಷ ಎಂದು ಎರಡಾಗಿ ಮೇಜು ಬಡಿಯುತ್ತಿದ್ದರು. ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳು, ಅಂದು ಕನ್ನಡದಲ್ಲಿ ಗದ್ದಲ ಮಾಡುತ್ತಿದ್ದರು. ಕೊನೆಗೆ ಸೋತವಳು ನಾನೇ. ಪಟ್ಟಿ ತೆರೆದು ಆಡನ್ನೂ ಸರಿಯುತ್ತರಕ್ಕೆ ಸೇರಿಸಿದೆ. ಅವಳು ಮತ್ತೆ ಗುಂಡಿ ಒತ್ತಿದಳು, ಗಂಟೆ ಮೊಳಗಿತು.

ಗದ್ದಲಕ್ಕೆ ಗಾಬರಿಯಾಗಿ ತಾಯಿ ಬಾಗಿಲು ಅರ್ಧ ತೆರೆದು ನಿಂತಿದ್ದರು. ಮಗಳಿಗೆ ಏನಾಯಿತೋ ಎಂಬ ಆತಂಕ ಮುಖದಲ್ಲಿ. "ಅಕ್ಕಾರ, ಬಂದು ಕೂಡ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, ತಲೆ ಕೂಡ ಆ ಕಡೆ ತಿರುಗಿಸದೆ, "ಅಮ್ಮೀ, ನೀನು ಹೋಗು. ನನಗೆ ಇನ್ನೂ ಏಳು ಒಗಟು ಇದೆ," ಅಂದಳು.

ನನಗೆ ಎಷ್ಟು ನಿರಾಳವಾಯಿತೆಂದರೆ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತೆ. ತಾಯಿ ಅಲ್ಲೇ ನಿಂತಿದ್ದರು, ಎಲ್ಲಿಗೆ ಹೋಗಬೇಕೆಂದು ತಿಳಿಯದವರ ಹಾಗೆ. ಕಣ್ಣು ತುಂಬಿತ್ತು, ಜೊತೆಗೆ ನಗುವೂ ಬರುತ್ತಿತ್ತು.

"ಹಂಗಾದ್ರ ನಾ ಒಂದೀಟು ಅಡ್ಡಾಡಿ ಬರ್ತೀನ್ರಿ," ಎಂದರು ಕೊನೆಗೆ, ಅಪ್ಪಣೆ ಕೇಳುವ ಹಾಗೆ.

"ಹೋಗಿ ಬರ್ರಿ. ಲಗೂನ ಬರಬ್ಯಾಡ್ರಿ," ಅಂದೆ.

ಅವರು ಬಾಗಿಲು ಮುಚ್ಚಿದರು. ಕಿಟಕಿಯಿಂದ ನೋಡಿದೆ. ಕಾರಿನ ತನಕ ಹೋದವರು ಕಾರು ಹತ್ತಲಿಲ್ಲ. ಬೀಗದ ಕೈಯನ್ನು ಪರ್ಸಿಗೆ ಹಾಕಿಕೊಂಡು, ಎರಡೂ ಕೈ ಬೀಸುತ್ತ, ಬಿಸಿಲಿನಲ್ಲಿ ಒಬ್ಬರೇ ರಸ್ತೆಯ ಕಡೆ ನಡೆದು ಹೋದರು.