ಕೆಂಪು ಬಟ್ಟೆ ಕಟ್ಟಿದ ಕೊಂಬೆಗಳು

ಬಿರುಗಾಳಿ ಬಂದು ಹೋದ ಮೇಲೆ ಆ ಊರಿನ ಜನ ಮೊದಲು ಫೋನ್ ಮಾಡುತ್ತಿದ್ದುದು ಕರೆಂಟ್ ಆಫೀಸಿಗೆ, ಆಮೇಲೆ ಗರಗಸದಕ್ಕನಿಗೆ. ಕರೆಂಟ್ ಆಫೀಸಿನವರು ಎತ್ತುತ್ತಿರಲಿಲ್ಲ, ಗರಗಸದಕ್ಕ ಎತ್ತುತ್ತಿದ್ದಳು. ಎತ್ತಿದವಳೇ, "ಜನಕ್ಕೇನೂ ಆಗಿಲ್ಲ ತಾನೆ?" ಎಂದು ಕೇಳುವಳು. ಇಲ್ಲವೆಂದರೆ, "ಹಾಗಾದ್ರೆ ಮರದ ಹತ್ರ ಯಾರೂ ಸುಳೀಬೇಡಿ. ಬಿದ್ದಿದೆ ಅಂದ ಮಾತ್ರಕ್ಕೆ ಸುಮ್ನೆ ಮಲಗಿದೆ ಅಂದ್ಕೋಬೇಡಿ. ನಾನು ಬರ್ತೀನಿ" ಎಂದು ಇಟ್ಟುಬಿಡುವಳು. ಮಾತಿನಲ್ಲಿ ಅವಳು ಎಷ್ಟು ಧಾರಾಳಿಯೋ ಫೋನಿನಲ್ಲಿ ಅಷ್ಟೇ ಜಿಪುಣಿ.

ಅವಳು ಮದುವೆಯಾಗಿ ಬಂದದ್ದು ಸೌದೆ ಡಿಪೋ ಇದ್ದ ಮನೆಗೆ. ಗಂಡ ಒಳ್ಳೆಯವನು, ಲೆಕ್ಕದಲ್ಲಿ ಗಟ್ಟಿಗ, ಆದರೆ ಏಣಿಯ ಎರಡನೆಯ ಮೆಟ್ಟಿಲಿಗೇ ತಲೆ ತಿರುಗಿ ಕೆಳಗೆ ಕೂರುವ ಪ್ರಾಣಿ. ಯಾರದೋ ಹಿತ್ತಲಿನಲ್ಲಿ ಮರ ಬಿದ್ದಿದೆ, ಕೊಯ್ದು ಒಯ್ಯಿರಿ ಎಂದು ಕರೆ ಬಂದಾಗ ಅವನು ಹೆಂಡತಿಯ ಮುಖ ನೋಡಿದ. ಇವಳು ಸೆರಗು ಸಿಕ್ಕಿಸಿಕೊಂಡು ಹೊರಟಳು. ಅಂದಿನಿಂದ ಡಿಪೋ ಅವನ ಪಾಲು, ಮರ ಇವಳ ಪಾಲು. ಜೊತೆಗೆ ಮೈದುನ. ಇವಳು ಮನೆ ತುಂಬಿದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ; ಜ್ವರ ಬಂದರೆ ಅತ್ತಿಗೆಯ ಮಗ್ಗುಲೇ ಬೇಕು ಎಂದು ಹಟ ಹಿಡಿಯುತ್ತಿದ್ದವನು. ಈಗ ಮೀಸೆ ಬಂದು, ಮೋಟಾರು ಗರಗಸ ಹಿಡಿಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಆ ಕೊರತೆಯನ್ನು ಯಾರಾದರೂ ನೆನಪಿಸಿದರೆ, "ಇರೋ ಒಬ್ಬನನ್ನ ಸಾಕೋದ್ರಲ್ಲೇ ಸಾಕಾಗಿದೆ" ಎಂದು ಮೈದುನನ ಕಡೆ ಕೈ ತೋರಿಸುತ್ತಿದ್ದಳು.

ಕ್ರೇನ್ ತರುವವರಿಗಿಂತ ಅವಳ ಕೂಲಿ ಬಹಳ ಕಡಿಮೆ. ಅದರ ಗುಟ್ಟೇನೂ ದೊಡ್ಡದಲ್ಲ. ಸೊಪ್ಪು ಎಳೆಯುವುದು, ಪುಳ್ಳೆ ಒಟ್ಟುವುದು, ಅಂಗಳ ಗುಡಿಸುವುದು ಎಲ್ಲ ಮನೆಯವರ ಕೆಲಸ. ದಿಮ್ಮಿಯನ್ನು ಅವಳು ಡಿಪೋಗೆ ಒಯ್ಯುತ್ತಿದ್ದಳು, ಅಷ್ಟನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದಳು. ಕಷ್ಟದ ಕೆಲಸ ಬೇರೆಯೇ ಇತ್ತು. ಬಿದ್ದ ಮರದ ಕೆಲವು ಕೊಂಬೆಗಳು ನೆಲಕ್ಕೆ ಊರಿಕೊಂಡು ಇಡೀ ಮರದ ಭಾರ ಹೊತ್ತಿರುತ್ತವೆ. ಅಂಥದ್ದನ್ನು ತಿಳಿಯದೆ ಕೊಯ್ದರೆ ಬೊಡ್ಡೆ ಹೊರಳುತ್ತದೆ, ಹೊರಳಿದ ಕಡೆ ಯಾರಿದ್ದರೂ ಉಳಿಯುವುದಿಲ್ಲ. ಗರಗಸದಕ್ಕ ಮರದ ಸುತ್ತ ಸುತ್ತುತ್ತ, ಮಚ್ಚಿನ ಹಿಂಬದಿಯಿಂದ ಒಂದೊಂದು ಕೊಂಬೆಗೂ ಬಡಿದು ಕೇಳುವಳು. ಭಾರ ಹೊತ್ತದ್ದು ಬಿಗಿಯಾಗಿ ಟಣ್ ಎನ್ನುತ್ತದೆ. ಬಿಡುವಾಗಿರುವುದು ಡಬ್ ಎಂದು ಸುಮ್ಮನಾಗುತ್ತದೆ. ಟಣ್ ಎಂದದ್ದಕ್ಕೆಲ್ಲ ಕೆಂಪು ಬಟ್ಟೆ ಕಟ್ಟುವಳು. ಕಟ್ಟಿದ್ದನ್ನು ಅವಳ ಹೊರತು ಯಾರೂ ಮುಟ್ಟುವಂತಿಲ್ಲ. ಕಟ್ಟದೇ ಇದ್ದದ್ದು ಮೈದುನನ ಪಾಲು, ಅವನು ಕಣ್ಣು ಮುಚ್ಚಿ ಕೊಯ್ಯಬಹುದು. ಗರಗಸದಕ್ಕನ ಕೆಂಪು ಬಟ್ಟೆ ತಪ್ಪುವುದಿಲ್ಲ ಎಂಬ ಮಾತು ಊರಲ್ಲಿ ಹಬ್ಬಿತ್ತು. ಅವಳ ಅನ್ನ ನಡೆಯುತ್ತಿದ್ದುದು ಆ ಮಾತಿನ ಮೇಲೆ.

ಈ ಸಲದ ಗಾಳಿಯಲ್ಲಿ ದರ್ಜಿಯಮ್ಮನ ಮನೆಯ ಮರ ಬುಡಸಮೇತ ಕಿತ್ತು, ಅಂಗಳದ ಹೊಲಿಗೆ ಕೋಣೆಯ ಕಡೆ ವಾಲಿತ್ತು. ಬೊಡ್ಡೆ ತಗಡಿನ ಚಾವಣಿಯಿಂದ ಒಂದು ಮೊಳ ಮೇಲೆ ನಿಂತಿತ್ತು, ಕೊಂಬೆಗಳ ಆಸರೆಯಲ್ಲಿ. ಒಳಗೆ ಹೊಲಿಗೆ ಮೆಷಿನುಗಳು, ಅರ್ಧಕ್ಕೆ ನಿಂತ ಶಾಲೆಯ ಸಮವಸ್ತ್ರಗಳು. ಕ್ರೇನಿನವರು ಚಾವಣಿ ಬಿಚ್ಚದೆ ಆಗುವುದಿಲ್ಲ ಎಂದು ಕೈ ಚೆಲ್ಲಿದ್ದರು. ಅವರು ಕೇಳಿದ ಬಾಡಿಗೆಗೆ ಹೊಸ ಕೋಣೆಯನ್ನೇ ಕಟ್ಟಬಹುದಿತ್ತು.

"ಕೋಣೆ ಹೋದ್ರೆ ನಮ್ಮ ಊಟಾನೇ ಹೋದ ಹಾಗೆ ಅಕ್ಕ," ಎಂದಳು ದರ್ಜಿಯಮ್ಮ.

"ಕೋಣೆ ಎಲ್ಲೂ ಹೋಗಲ್ಲ. ಚಾವಣಿ ಮೇಲೆ ಒಂದು ಎಲೆ ಬಿದ್ರೆ ಅದನ್ನೂ ನಾನೇ ಗುಡಿಸ್ತೀನಿ," ಎಂದಳು ಗರಗಸದಕ್ಕ.

ಸಂಜೆಯಾಗಿತ್ತು. ಬೆಳಕು ಮಂಕಾದ ಮೇಲೆ ಅವಳು ಗರಗಸ ಮುಟ್ಟುವವಳಲ್ಲ. ಮರ ಸುತ್ತಿ, ಬಡಿದು, ಕೇಳಿ ಗುರುತು ಕಟ್ಟಿದಳು. ಊರಿಡೀ ಮರ ಬಿದ್ದು ಅವಳ ಚೀಲದ ಬಟ್ಟೆ ಮುಗಿದಿತ್ತು. ದರ್ಜಿಯಮ್ಮ ಒಳಗಿನಿಂದ ಕೆಂಪು ಬಟ್ಟೆಯ ಪಟ್ಟಿಗಳನ್ನು ತಂದುಕೊಟ್ಟಳು. ನಾಳೆ ಬೆಳಿಗ್ಗೆ ಶುರು ಎಂದು ಹೇಳಿ ಅತ್ತಿಗೆ ಮೈದುನ ಹೊರಟರು. ರಾತ್ರಿ ತುಂತುರು ಮಳೆ ಹಿಡಿಯಿತು.

ಬೆಳಿಗ್ಗೆ ಬಂದು ನೋಡಿದರೆ ಮರದ ಮೇಲೆ ಒಂದು ಪಟ್ಟಿಯೂ ಇಲ್ಲ. ಎಲ್ಲವೂ ಒಗೆದು, ಹಿಂಡಿ, ವರಾಂಡದ ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದವು.

ಮಾಡಿದ್ದು ದರ್ಜಿಯಮ್ಮನ ಅತ್ತೆ. ಗಂಡ, ಮಗ, ಸೊಸೆ ಎಲ್ಲರೂ ದರ್ಜಿಗಳಾಗಿದ್ದ ಮನೆಯಲ್ಲಿ ಜೀವ ತೇಯ್ದ ಮುದುಕಿ. ಬೆಳಗಾಗುವ ಮುಂಚೆ ಎದ್ದವಳ ಕಣ್ಣಿಗೆ, ಸಮವಸ್ತ್ರದ ಕಾಲರಿಗೆಂದು ಕತ್ತರಿಸಿಟ್ಟ ಬಟ್ಟೆ ಮಳೆಯಲ್ಲಿ ಬಣ್ಣ ಬಿಡುತ್ತಿದ್ದುದು ಕಂಡಿದೆ. ಗಿರಾಕಿಯ ಬಟ್ಟೆ ನೆನೆಯುತ್ತಿದ್ದರೆ ಆ ಮನೆಯಲ್ಲಿ ಯಾರೂ ಯಾಕೆ ಏನು ಎಂದು ಕೇಳುವುದಿಲ್ಲ, ಮೊದಲು ಎತ್ತಿಡುತ್ತಾರೆ.

ಮೈದುನ ಸಿಡಿದುಬಿದ್ದ. "ಅಲ್ಲ ಅಜ್ಜಿ, ಬಟ್ಟೆ ದೊಡ್ಡದಾ ಜೀವ ದೊಡ್ಡದಾ? ಇದನ್ನ ಮುಟ್ಟಬಾರ್ದು ಅಂತ ಊರಿಗೆಲ್ಲ ಗೊತ್ತು."

"ನಂಗ್ಯಾರು ಹೇಳಿದ್ರಪ್ಪ," ಎಂದು ಮುದುಕಿ ಕಣ್ಣಲ್ಲಿ ನೀರು ತಂದುಕೊಂಡಳು. ಸೊಸೆ ತಲೆತಗ್ಗಿಸಿ ನಿಂತಳು. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಕಾಂಪೌಂಡಿನ ಮೇಲೆ ಮೊಣಕೈ ಊರಿ ನೋಡುತ್ತಿದ್ದರು. ಅವರ ಹಿತ್ತಲಿನಲ್ಲೂ ದೊಡ್ಡದೊಂದು ಮರ ಬಿದ್ದಿತ್ತು. ಇಲ್ಲಿಯ ಕೆಲಸ ನೋಡಿ ಒಪ್ಪಿಸುತ್ತೇನೆ ಎಂದಿದ್ದರು.

ಗರಗಸದಕ್ಕ ನಕ್ಕುಬಿಟ್ಟಳು. "ಅಳ್ಬೇಡಿ ಅಜ್ಜಿ. ನಿನ್ನೆ ನೋಡಿದ ಮರ, ಎಲ್ಲೆಲ್ಲಿ ಕಟ್ಟಿದ್ದೆ ಅಂತ ಕನಸಲ್ಲಿ ಕೇಳಿದ್ರೂ ಹೇಳ್ತೀನಿ. ಪಟ್ಟಿ ಕೊಡಿ." ನೆನಪಿನಿಂದಲೇ ಚಕಚಕನೆ ಕಟ್ಟುತ್ತ ಹೋದಳು. ಮೈದುನ ಗರಗಸಕ್ಕೆ ಎಣ್ಣೆ ಹಾಕತೊಡಗಿದ.

ಚಾವಣಿಯ ಮಗ್ಗುಲಲ್ಲಿ ತೋಳು ಗಾತ್ರದ ಕೊಂಬೆಯೊಂದಿತ್ತು. ನಿನ್ನೆ ಡಬ್ ಎಂದಿದ್ದದ್ದು, ಪಟ್ಟಿ ಬೇಕಿರಲಿಲ್ಲ. ಮೈದುನ ಮೊದಲು ಕೊಯ್ಯಬೇಕಾಗಿದ್ದದ್ದೇ ಅದು. ಅದನ್ನು ದಾಟುವಾಗ ಅವಳ ಕೈ ಸುಮ್ಮನಿರದೆ ಒಮ್ಮೆ ಬಡಿಯಿತು.

ಟಣ್ ಎಂದಿತು.

ಅವಳು ಮತ್ತೆ ಬಡಿದಳು, ಬಗ್ಗಿ ಬುಡ ನೋಡಿದಳು. ಮಳೆಗೆ ಮಣ್ಣು ಮೆತ್ತಗಾಗಿ, ಆಚೆಯ ದಪ್ಪ ಕೊಂಬೆ ಗೇಣುದ್ದ ಹೂತುಹೋಗಿತ್ತು. ಅದು ಹೊತ್ತಿದ್ದ ಭಾರವೆಲ್ಲ ಈಗ ಈ ಬಡಪಾಯಿಯ ಹೆಗಲಿಗೆ ಬಂದಿತ್ತು. ರಾತ್ರಿಯಲ್ಲಿ ಮರ ಮಗ್ಗುಲು ಬದಲಿಸಿತ್ತು. ನಿನ್ನೆಯ ಗುರುತುಗಳು ಇದ್ದಲ್ಲೇ ಇದ್ದಿದ್ದರೆ ಅವಳು ಈ ಮರವನ್ನು ಎರಡನೆಯ ಸಲ ಸುತ್ತುತ್ತಲೇ ಇರಲಿಲ್ಲ.

ಮೈದುನ ಹತ್ತಿರ ಬಂದ. ಅತ್ತಿಗೆಯ ಮುಖ ನೋಡಿದ, ಕೊಂಬೆಯನ್ನೂ ನೋಡಿದ. "ಸುಮ್ನೆ ಒಂದು ಪಟ್ಟಿ ಕಟ್ಟಿಬಿಡಿ," ಎಂದ ಪಿಸುದನಿಯಲ್ಲಿ. "ಡ್ರೈವರ್ ನೋಡ್ತಿದ್ದಾರೆ. ಯಾರಿಗೂ ಗೊತ್ತಾಗಲ್ಲ."

ಕಟ್ಟಿಬಿಡಬಹುದಿತ್ತು. ತಪ್ಪೆಲ್ಲ ಮುದುಕಿಯದು ಎಂದು ಆಗಲೇ ತೀರ್ಮಾನವಾಗಿತ್ತು. ಗರಗಸದಕ್ಕ ವರಾಂಡದ ಕಡೆ ತಿರುಗಿದಳು. ಮುದುಕಿ ಕಂಬಕ್ಕೊರಗಿ ಕೂತು ಮೂಗೊರೆಸಿಕೊಳ್ಳುತ್ತಿದ್ದಳು.

"ಅಜ್ಜಿ, ಇಲ್ಲಿ ಕೇಳಿ," ಎಂದಳು ಎಲ್ಲರಿಗೂ ಕೇಳುವಂತೆ. "ನೀವು ಬಟ್ಟೆ ಬಿಚ್ಚಿದ್ದು ಒಳ್ಳೇದೇ ಆಯ್ತು. ನನ್ನ ಗುರುತು ತಪ್ಪಾಗಿತ್ತು. ರಾತ್ರಿ ಮರ ಕೂತಿದೆ. ನಿನ್ನೆ ಗುರುತು ನಂಬಿ ಈ ಕೊಂಬೆ ಕೊಯ್ದಿದ್ರೆ ಮರ ನಿಮ್ಮ ಮೆಷಿನ್ ಮೇಲೆ ಮಲಗ್ತಿತ್ತು. ತಪ್ಪು ನಂದು, ನಿಮ್ದಲ್ಲ."

ಡ್ರೈವರ್ ಕಾಂಪೌಂಡಿನಿಂದ ಕೈ ತೆಗೆದರು. "ಅಂದ್ರೆ ನಿಮ್ಮ ಗುರುತೂ ತಪ್ಪಾಗುತ್ತೆ ಅನ್ನಿ."

"ಇವತ್ತು ಆಗಿತ್ತು ಸ್ವಾಮಿ."

ಡ್ರೈವರ್ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಅವರು ಕ್ರೇನಿನವರ ಜೊತೆ ಫೋನಿನಲ್ಲಿ ಚೌಕಾಸಿ ಮಾಡುತ್ತಿದ್ದುದು ಈಚೆಗೂ ಕೇಳಿಸಿತು. ಮೈದುನ ಮುಖ ಗಂಟು ಹಾಕಿಕೊಂಡ.

ಗರಗಸದಕ್ಕ ಕಟ್ಟಿದ್ದನ್ನೆಲ್ಲ ಬಿಚ್ಚಿ, ಮೊದಲಿನಿಂದ ಬಡಿದು ಕೇಳಿ ಹೊಸದಾಗಿ ಗುರುತು ಮಾಡಿದಳು. ಬೊಡ್ಡೆಯ ಕೆಳಗೆ ಹಲಗೆ ಹಾಕಿ ಕಂಬಗಳ ಆಸರೆ ಕೊಟ್ಟರು. ಚಾವಣಿಗೆ ವಿರುದ್ಧ ದಿಕ್ಕಿನಲ್ಲಿ ಹಗ್ಗ ಬಿಗಿದು ಬೇಲಿಯಾಚೆಯ ಗಟ್ಟಿ ಮರಕ್ಕೆ ಕಟ್ಟಿದರು. ತುದಿಯಿಂದ ತುಂಡು ತುಂಡಾಗಿ ಕೊಯ್ಯುತ್ತ, ಪ್ರತಿ ತುಂಡಿನ ನಂತರವೂ ಅವಳು ನಿಲ್ಲಿಸಿ ಬಡಿದು ನೋಡಿದಳು. ಮನೆಯವರು ಸೊಪ್ಪು ಎಳೆದರು. ಮುದುಕಿ ಬೇಡವೆಂದರೂ ಕೇಳದೆ ಪುಳ್ಳೆ ಆರಿಸಿ ಕಟ್ಟು ಕಟ್ಟಿದಳು. ಮಧ್ಯಾಹ್ನ ಇಳಿಯುವಷ್ಟರಲ್ಲಿ ಬೊಡ್ಡೆ ಹಗ್ಗದ ಹಿಡಿತದಲ್ಲಿ ಮೆಲ್ಲಗೆ ಅಂಗಳಕ್ಕೆ ಇಳಿಯಿತು. ತಗಡಿಗೆ ಒಂದು ಗೀರೂ ಬೀಳಲಿಲ್ಲ. ದರ್ಜಿಯಮ್ಮ ಒಳಗೆ ಓಡಿ ಒಂದೊಂದು ಮೆಷಿನ್ನಿನ ಚಕ್ರವನ್ನೂ ತಿರುಗಿಸಿ ನೋಡಿ ಬಂದಳು. ಗರಗಸದಕ್ಕನ ಭುಜ ಹಿಡಿದುಕೊಂಡಳು.

ದಿಮ್ಮಿ ಹೇರಿ ಗಾಡಿ ಹತ್ತಿದ ಮೇಲೂ ಮೈದುನನ ಮುಖ ಸಡಿಲವಾಗಿರಲಿಲ್ಲ. "ಡ್ರೈವರ್ ಮನೆ ಕೆಲಸ ಕೈತಪ್ಪಿ ಹೋಯ್ತು. ಇನ್ನು ಊರೆಲ್ಲ ಹೇಳ್ಕೊಂಡು ಬರ್ತಾರೆ. ತುಟಿ ಬಿಚ್ಚದೆ ಇದ್ದಿದ್ರೆ ಏನು ಗಂಟು ಹೋಗ್ತಿತ್ತು ಅತ್ತಿಗೆ? ಅಜ್ಜಿಗೆ ಎರಡು ದಿನ ಬೇಜಾರಾಗ್ತಿತ್ತು, ಮರ್ತುಬಿಡ್ತಿದ್ರು."

"ನಿನ್ನೆ ಗುರುತು ಹಾಗೇ ಇದ್ದಿದ್ರೆ ಆ ಕೊಂಬೆ ಕೊಯ್ಯೋಕೆ ನಾನು ಯಾರನ್ನ ಕಳಿಸ್ತಿದ್ದೆ ಹೇಳು," ಎಂದಳು ಅವಳು.

ಗುರುತಿಲ್ಲದ ಕೊಂಬೆಗಳೆಲ್ಲ ಅವನ ಪಾಲು. ಅವನು ನಿಲ್ಲಬೇಕಾಗಿದ್ದದ್ದು ಬೊಡ್ಡೆಗೂ ಹೊಲಿಗೆ ಕೋಣೆಯ ಗೋಡೆಗೂ ನಡುವೆ.

"ನನ್ನನ್ನೇ," ಎಂದ.

"ಆ ಅಜ್ಜಿ ನಿನ್ನ ಉಳಿಸಿದಾಳೆ. ಅವಳನ್ನ ಕಳ್ಳಿ ಥರ ನಿಲ್ಲಿಸಿ ನಾನು ಹೇಗೋ ಬರ್ಲಿ?" "ಬೆಳಿಗ್ಗೆಯಿಂದ ಹೆದರಿಕೆ ಹೋಗಿಲ್ಲ ಕಣೋ. ನೋಡಿಲ್ಲಿ."

ಬಲಗೈ ಮುಂದೆ ಚಾಚಿದಳು. ಇಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ಅಲುಗಾಡಿದ್ದನ್ನು ಕಾಣದ ಆ ಕೈ ನಡುಗುತ್ತಿತ್ತು. ಮೈದುನ ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ನಡುಕ ನಿಲ್ಲುವವರೆಗೂ ಅವನು ಗಾಡಿ ಚಾಲೂ ಮಾಡಲಿಲ್ಲ.