ನಾಲ್ಕು ಬೆರಳು ತೆರೆದ ಬಾಗಿಲು

ನಮ್ಮ ಬಚ್ಚಲಿಗೆ ಬಾಗಿಲಿಲ್ಲವೆಂಬ ಕಾರಣಕ್ಕೆ ನನಗೆ ಬಂದಿದ್ದ ಎರಡು ಸಂಬಂಧಗಳು ಮುರಿದುಬಿದ್ದವು. ಏನೂ ಇರಲಿಲ್ಲವೆಂದರೆ ತಪ್ಪಾದೀತು. ಗೋಣಿತಾಟಿನ ಪರದೆಯೊಂದಿತ್ತು. ಒಳಗಿರುವವರು ಆಗಾಗ ಕೆಮ್ಮಬೇಕು, ಹೊರಗಿನವರು ಕೇಳಿಸಿಕೊಂಡು ಹಿಂದಿರುಗಬೇಕು. ಇದು ಮೂರು ತಲೆಮಾರಿನ ಸಂವಿಧಾನ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅಕ್ಕಪಕ್ಕದ ಪವರ್‌ಲೂಮುಗಳ ಸದ್ದಿಗೆ ಕೆಮ್ಮು ಯಾರಿಗೂ ಕೇಳಿಸುತ್ತಿರಲಿಲ್ಲವೆಂಬುದು ಬೇರೆ ಮಾತು.

ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಿದ್ದರು, ಉಪ್ಪಿಟ್ಟು ತಿನ್ನುತ್ತಿದ್ದರು, ಕೈ ತೊಳೆಯಲು ಹಿತ್ತಲಿಗೆ ಹೋಗಿ ಬೇರೆಯೇ ಮುಖ ಹೊತ್ತು ವಾಪಸು ಬರುತ್ತಿದ್ದರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತೊಂಬತ್ತು ತುಂಬಿತ್ತು. ಮೂರನೆಯದಾಗಿ ಬೆಂಗಳೂರಿನಿಂದ ಒಂದು ಸಂಬಂಧ ಬಂತು. ಹುಡುಗಿಯ ತಂದೆ ನಮ್ಮ ಜನವೇ. ಮಗ್ಗ ಬಿಟ್ಟು ಕಚೇರಿ ಸೇರಿದವರು. ಇದೂ ತಪ್ಪಿದರೆ ಇನ್ನು ಯಾರೂ ನಮ್ಮ ಹೊಸಿಲು ತುಳಿಯುವುದಿಲ್ಲವೆಂದು ಅಪ್ಪ ಘೋಷಿಸಿ ಮನೆಯ ಜೀರ್ಣೋದ್ಧಾರಕ್ಕೆ ಕೈಹಾಕಿದರು.

ಮಸಿ ಹಿಡಿದ ಗೋಡೆಗಳಿಗೆ ತಿಳಿಹಸಿರು ಡಿಸ್ಟೆಂಪರ್ ಬಂತು. ಮಣ್ಣಿನ ನೆಲ ಹೋಗಿ ಕೆಂಪು ಗಾರೆ ನೆಲ ಬಂತು. ಮಗ್ಗವಿದ್ದ ಪಡಸಾಲೆಯ ಮೂಲೆಗೆ ಅಡ್ಡಗೋಡೆ ಎಬ್ಬಿಸಿ ಬಾತ್‌ರೂಮು ಕಟ್ಟಿಸಿದರು. ಬಿಳಿ ಟೈಲ್ಸು, ಕಾಂಕ್ರೀಟು ಸೂರು, ಕಬ್ಬಿಣದ ಕಂಬಿಯ ಕಿಟಕಿ, ಒಳಗಿನಿಂದ ಹಾಕುವ ಚಿಲಕ. ಹಳೆಯ ಬಚ್ಚಲಿನಿಂದ ಹೊರಬರಲು ಕನಿಷ್ಠ ಮೂರು ದಾರಿಗಳಿದ್ದವು, ಹೆಂಚು ಸರಿಸುವುದೂ ಸೇರಿ. ಹೊಸದರಲ್ಲಿ ಆ ಅನಾಗರಿಕತೆಗೆಲ್ಲ ಅವಕಾಶವಿರಲಿಲ್ಲ.

ಬಡಗಿ ಬಾಗಿಲು ಕೂರಿಸಿದ್ದು ಒಂದು ಅಮಾವಾಸ್ಯೆಯ ದಿನ. ಅಮಾವಾಸ್ಯೆಯಂದು ನಾವು ನೇಯುವುದಿಲ್ಲ. ಕೆಲಸಗಾರರನ್ನು ಕರೆಸಿಕೊಳ್ಳುವುದು, ಗೋಡೆಗೆ ಮೊಳೆ ಹೊಡೆಯುವುದು ಎಲ್ಲ ಅಂದೇ. ಮಗ್ಗದಲ್ಲಿ ಹಾಸು, ಅಂದರೆ ಉದ್ದೆಳೆಯ ನೂಲು, ಮುಗಿದಿತ್ತು. ಆ ನೂಲು ಸುತ್ತುವ ದಪ್ಪ ಉರುಳೆಯನ್ನು, ಅಂದರೆ ಬೀಮನ್ನು, ಕೆಳಗಿಳಿಸಿ ಇಟ್ಟಿದ್ದರು. ಬಾಗಿಲು ಒಳಕ್ಕೆ ತೆರೆದರೆ ಜಾಗ ಹಾಳು ಎಂದು ಬಡಗಿ ಹೊರಕ್ಕೆ ತೆರೆಯುವಂತೆ ಮಾಡಿದ. ಬರಿದಾದ ಮಗ್ಗದ ಪಕ್ಕದಲ್ಲಿ ಅದು ಅರಮನೆಯ ದ್ವಾರದಂತೆ ಪೂರ್ತಿ ತೆರೆದುಕೊಂಡಿತು. ಎಲ್ಲರೂ ತಲೆದೂಗಿದೆವು. ಸಿಮೆಂಟಿನ ಧೂಳು ರೇಷ್ಮೆಗೆ ಕೂರುತ್ತದೆಂದು ಮುಂದಿನ ಮೂರು ವಾರ ಮಗ್ಗ ನಿಂತೇ ಇದ್ದುದರಿಂದ ಯಾರಿಗೂ ಏನೂ ತಿಳಿಯಲಿಲ್ಲ.

ಬೆಂಗಳೂರಿನವರು ಬರುವ ಬೆಳಿಗ್ಗೆ ನಾನು ಎಣ್ಣೆ ಹಚ್ಚಿಕೊಂಡು, ಚಿಲಕ ಹಾಕಿಕೊಂಡು, ಬೆಳ್ಳಗೆ ಹೊಳೆಯುವ ಗೋಡೆಗಳ ನಡುವೆ ದೀರ್ಘವಾಗಿ ಸ್ನಾನ ಮಾಡಿದೆ. ಹೊರಗೆ ತೆಂಗಿನಕಾಯಿ ಒಡೆದ ಸದ್ದಾಯಿತು. ನನ್ನ ಶುಭಕ್ಕೇ ಇರಬೇಕೆಂದು ಮನಸ್ಸು ತುಂಬಿ ಬಂತು.

ಟವೆಲು ಸುತ್ತಿಕೊಂಡು ಬಾಗಿಲು ತಳ್ಳಿದರೆ ಅದು ನಾಲ್ಕು ಬೆರಳಷ್ಟು ತೆರೆದು ಯಾವುದಕ್ಕೋ ಬಡಿದು ನಿಂತಿತು. ಸಂದಿಯಲ್ಲಿ ನೋಡಿದೆ. ಬಂದವರಿಗೆ ಮಗ್ಗ ಖಾಲಿ ಕಾಣಬಾರದೆಂದು, ನಾನು ಮೀಯುತ್ತಿದ್ದಾಗಲೇ ಅಪ್ಪ ಹೊಸ ಹಾಸು ಏರಿಸಿದ್ದರು. ನೂಲು ತುಂಬಿದ ಬೀಮು ಗರ್ಭಿಣಿಯಂತೆ ಹೊಟ್ಟೆ ಮುಂದೆಮಾಡಿಕೊಂಡು ಬಾಗಿಲಿಗೆ ಅಡ್ಡ ಕುಳಿತಿತ್ತು. ಅರಿಶಿನ, ಕುಂಕುಮ, ಹೂವು, ಎಲ್ಲ ಆಗಿತ್ತು.

"ಅಪ್ಪಾ, ಬೀಮು ಇಳಿಸಿ!" ಎಂದು ಕೂಗಿದೆ.

ಬಂದವರು ಅಜ್ಜಿ. "ಪೂಜೆ ಮಾಡಿ ಏರ್ಸಿದ್ದನ್ನ ಇಳ್ಸೋದಾ? ಒಂದು ಸೀರೆ ನೇಯ್ದು ಕೊಯ್ಯೋವರ್ಗೂ ಮುಟ್ಟೋ ಹಂಗಿಲ್ಲ ಕಣೋ. ನಮ್ಮ ವಂಶದಲ್ಲೇ ಇಲ್ಲ."

"ಸೀರೆ ಕೊಯ್ಯೋಕೆ ಎರಡು ದಿನ ಬೇಕಲ್ಲಜ್ಜಿ!"

"ಒಳಗೇ ನಲ್ಲಿ ಐತಲ್ಲ, ನಿಂಗೇನು ಕಮ್ಮಿ?"

ಅಪ್ಪ ಬಂದು ಬಾಗಿಲನ್ನೂ ಬೀಮನ್ನೂ ಅಜ್ಜಿಯನ್ನೂ ಸರದಿಯಂತೆ ನೋಡಿದರು. ಬಾಗಿಲಿನ ಕೀಲುಗಳ ತಿರುಪುಗಳು ಸಂದಿಯೊಳಗೆ ಸಿಕ್ಕಿಕೊಂಡಿದ್ದವು, ಬಿಚ್ಚುವಂತಿರಲಿಲ್ಲ. ಮಗ್ಗವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿತ್ತು. ಅಜ್ಜಿಯನ್ನು ಕದಲಿಸಿದವರು ಇತಿಹಾಸದಲ್ಲಿಲ್ಲ. ಅಪ್ಪ ನನ್ನ ಇಸ್ತ್ರಿ ಮಾಡಿದ ಪ್ಯಾಂಟು ಷರ್ಟನ್ನು ಸಂದಿಯಲ್ಲಿ ತುರುಕಿ, "ರೆಡಿಯಾಗಿರಪ್ಪ" ಎಂದರು. ನಾನು ಷರ್ಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ತಲೆ ಬಾಚಿ, ಒದ್ದೆ ನೆಲದ ಮೇಲೆ ಸರ್ವಸನ್ನದ್ಧನಾಗಿ ನಿಂತೆ. ಗೋಡೆಯಿಂದ ಗೋಡೆಗೆ ಎರಡು ಹೆಜ್ಜೆ. ಹಬೆಗೆ ಇಸ್ತ್ರಿ ಹೋಯಿತು. ಕಿಟಕಿಯ ಕಂಬಿಗಳನ್ನು ಎಣಿಸಿದೆ, ಆರು. ಮತ್ತೆ ಎಣಿಸಿದೆ. ಮದುವೆಯಾಗದೆ ಉಳಿಯುವುದಕ್ಕೂ ಬಚ್ಚಲಲ್ಲಿ ಉಳಿಯುವುದಕ್ಕೂ ಏನು ವ್ಯತ್ಯಾಸವೆಂದು ಯೋಚಿಸುವಷ್ಟರಲ್ಲಿ ಅತಿಥಿಗಳ ದನಿ ಕೇಳಿಸಿತು.

ಬಂದವರು ಇಬ್ಬರು: ಹುಡುಗಿಯ ತಂದೆ ಮತ್ತು ಅವರ ಅಕ್ಕ, ಅಂದರೆ ಹುಡುಗಿಯ ಸೋದರತ್ತೆ.

"ಹುಡುಗ ಎಲ್ಲಿ ಕಾಣ್ತಿಲ್ಲ?" ಎಂದು ತಂದೆ ಕೇಳಿದರು.

"ಸ್ನಾನಕ್ಕೆ ಹೋಗವ್ನೆ" ಎಂದರು ಅಪ್ಪ. ಅದು ಸುಳ್ಳೇನಲ್ಲ. ಆದರೆ ಉಪ್ಪಿಟ್ಟು ಮುಗಿದು ಕಾಫಿಯೂ ಮುಗಿದ ಮೇಲೆ ಆ ಸತ್ಯಕ್ಕೆ ಬಲ ಉಳಿಯಲಿಲ್ಲ. ಸೋದರತ್ತೆ ಎದ್ದು ಪಡಸಾಲೆಗೇ ಬಂದರು. ನಾಲ್ಕು ಬೆರಳಿನ ಸಂದಿಯಲ್ಲಿ ಅವರ ಒಂದು ಕಣ್ಣೂ ನನ್ನ ಒಂದು ಕಣ್ಣೂ ಭೇಟಿಯಾದವು.

"ನಮಸ್ಕಾರ" ಎಂದೆ.

"ಏನಪ್ಪಾ, ಎಷ್ಟೊತ್ತಾಯ್ತು ಒಳಗೆ?"

"ಎರಡು ಗಂಟೆ ಆಯ್ತಮ್ಮ."

"ಟೈಲ್ಸು ಸೂರಿನವರೆಗೂ ಹಾಕ್ಸಿದಾರಾ?"

"ಇಲ್ಲಮ್ಮ, ಎದೆಮಟ್ಟ."

ಅಜ್ಜಿ ಹಿಂದೆಯೇ ಬಂದು ಹಾಸಿನ ನಿಯಮವನ್ನು ವಿವರಿಸಿದರು. ಹುಡುಗಿಯ ತಂದೆ, ನೇಕಾರರ ಮನೆಯಲ್ಲಿ ಹುಟ್ಟಿದವರಲ್ಲವೇ, "ಅದು ಸರಿ, ನಮ್ಮಮ್ಮನೂ ಹಂಗೇ ಅನ್ನೋರು" ಎಂದು ತಲೆಯಾಡಿಸಿದರು. ನನ್ನ ಕೊನೆಯ ಆಸೆಯೂ ಇಂಗಿತು.

ಸೋದರತ್ತೆ ಮಾತ್ರ ತಲೆಯಾಡಿಸಲಿಲ್ಲ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ನಮ್ಮ ಹುಡುಗಿ ಇದ್ರೊಳಗೆ ಸಿಕ್ಕಾಕ್ಕೊಂಡ್ರೆ ಬೀಮು ಇಳಿಸ್ತೀರೋ ಇಲ್ವೋ?"

ನಾನು ಸಂದಿಗೆ ಕಿವಿ ಹಚ್ಚಿದೆ. ಅಜ್ಜಿ "ಇಲ್ಲ" ಎಂದರೆ ಅವರು ಈಗಲೇ ಎದ್ದು ಹೋಗುತ್ತಾರೆ. ನಾನು ಎರಡು ದಿನದ ನಂತರ ಬ್ರಹ್ಮಚಾರಿಯಾಗಿ ಹೊರಬರುತ್ತೇನೆ.

"ಅವ್ಳು ಬೇರೆ ಮನೆ ಮಗಳು. ಅವ್ಳಿಗಾದ್ರೆ ಇಳಿಸ್ಬೇಕಾಗ್ತದೆ" ಎಂದರು ಅಜ್ಜಿ. "ಇವ್ನು ನಮ್ಮೋನು. ಇರ್ತಾನೆ."

"ಇವ್ನಿಗೇ ಇಳಿಸ್ದೇ ಇರೋರು ಅವ್ಳಿಗೆ ಇಳಿಸ್ತೀರ ಅಂತ ನಾನು ಹೆಂಗೆ ನಂಬಲಿ? ಇಳ್ಸಿ ತೋರ್ಸಿ."

ಅಜ್ಜಿ ಬೀಮಿನ ಹತ್ತಿರ ಹೋದರು. ಆಮೇಲೆ ಸೆರಗಿನಿಂದ ಅದರ ಕುಂಕುಮವನ್ನು ತಾವೇ ಒರೆಸಿ, ಹೂವು ತೆಗೆದು, "ತಪ್ಪಾಯ್ತು ಕಣಪ್ಪ" ಎಂದು ಅದಕ್ಕೆ ಕೈಮುಗಿದು, ಅಪ್ಪನತ್ತ ತಿರುಗದೆ "ಇಳ್ಸು" ಎಂದರು. ನಾನು ಹೊರಬಂದೆ. ಅಂಗಾಲುಗಳು ನೆನೆದು ಸುಕ್ಕಾಗಿದ್ದವು. ಸೋದರತ್ತೆ ನನ್ನತ್ತ ನೋಡದೆ ಒಳಹೊಕ್ಕು, ನಲ್ಲಿ ತಿರುಗಿಸಿ, ಚಿಲಕ ಎರಡು ಸಲ ಹಾಕಿ ತೆಗೆದು, "ಹುಡುಗಿಗೆ ಎಲ್ಲಾ ಹೇಳ್ತೀನಿ. ಅವ್ಳು ಹೆಂಗಂತಾಳೋ ಹಂಗೆ" ಎಂದು ಹೊರಟರು.

ಆ ವಾರವಿಡೀ ನಾನು ಬಚ್ಚಲಿನ ಹೊರಗಿದ್ದೂ ಒಳಗೇ ಇದ್ದಂತಿದ್ದೆ. ಅಂಚೆಯವನ ಸೈಕಲ್ ಗಂಟೆಗೆ ಎದ್ದು ನಿಲ್ಲುತ್ತಿದ್ದೆ. ಕೊನೆಗೆ ಹುಡುಗಿಯ ತಂದೆಯಿಂದ ಕಾರ್ಡು ಬಂತು. ಹುಡುಗಿ ಒಪ್ಪಿದ್ದಾಳೆ, ಬಾಗಿಲನ್ನು ಒಳಕ್ಕೆ ತೆರೆಯುವಂತೆ ಮಾಡಿಸಿದ ಮೇಲೆ ಲಗ್ನ ಇಡಿಸಬೇಕಂತೆ. ಹೆಂಡತಿಯಾಗಲಿದ್ದವಳಿಂದ ನನಗೆ ಬಂದ ಮೊಟ್ಟಮೊದಲ ಮಾತು ಅದು. ಕಾರ್ಡನ್ನು ಜೇಬಿಗಿಟ್ಟುಕೊಂಡು ನಾನೇ ಬಡಗಿಯ ಮನೆಗೆ ಹೋದೆ.